ಅರ್ಧ ಬಾಲಕ್ಕೆ ನಿಂತ ಗೆರೆ

ಹೋದ ತಿಂಗಳು ಡ್ರಾಯಿಂಗ್ ಗ್ರೇಡ್ ಪರೀಕ್ಷೆಯ ಮೇಲ್ವಿಚಾರಣೆಗೆಂದು ಕೊಟ್ಟೂರಿಗೆ ಹೋಗಿದ್ದೆ. ಪರೀಕ್ಷೆ ನಡೆಯುತ್ತಿದ್ದ ಕಾಲೇಜಿನಲ್ಲಿ ಮಕ್ಕಳಿಗೆ ಕೊಠಡಿ ಸಾಲಲಿಲ್ಲ. ಜವಾನ ಬೀಗದ ಗೊಂಚಲು ಹಿಡಿದು ಬಂದು ಪ್ರಾಣಿಶಾಸ್ತ್ರದ ಲ್ಯಾಬಿನ ಬಾಗಿಲು ತೆಗೆದ. ಒಳಗಿನಿಂದ ಫಾರ್ಮಲಿನ್ ವಾಸನೆ ಮುಖಕ್ಕೆ ಹೊಡೆಯಿತು. ಹುಡುಗಿಯರು ದುಪಟ್ಟಾದಿಂದ ಮೂಗು ಮುಚ್ಚಿಕೊಂಡರು. ನನಗೆ ಕಣ್ಣು ಉರಿದು ನೀರು ಬಂತೇ ಹೊರತು ಮೂಗು ಮುಚ್ಚಿಕೊಳ್ಳಬೇಕು ಅನ್ನಿಸಲಿಲ್ಲ. ಆ ವಾಸನೆಯ ಪಕ್ಕದಲ್ಲಿ ಕೂತು ನಾನು ಒಂದು ಇಡೀ ಹಿಂಗಾರು ಕಳೆದಿದ್ದೇನೆ. ಗಾಜಿನ ಜಾಡಿಗಳಲ್ಲಿ ಬಿಳಿಚಿಕೊಂಡು ನಿಂತಿದ್ದ ಮೀನುಗಳನ್ನು ನೋಡಿ, ಬಣ್ಣ ಹೋದ ಮೇಲೆ ಇವುಗಳ ಗುರುತು ಹಿಡಿಯುವುದು ಕಷ್ಟ ಎಂದು ನನ್ನಷ್ಟಕ್ಕೆ ಅಂದುಕೊಂಡೆ. ಮೀನು ತಿನ್ನದ ಮನೆಯಲ್ಲಿ ಹುಟ್ಟಿದ ಡ್ರಾಯಿಂಗ್ ಟೀಚರಿಗೆ ಈ ತಿಳಿವಳಿಕೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದ್ದರೆ, ಹಗರಿಬೊಮ್ಮನಹಳ್ಳಿಯಲ್ಲಿ ನಾನು ಕಳೆದ ಕೊನೆಯ ವರ್ಷದ ಕತೆಯನ್ನೇ ಹೇಳಬೇಕಾಗುತ್ತಿತ್ತು.

ನನ್ನ ತವರು ಹರಪನಹಳ್ಳಿ. ಕೆಲಸ ಸಿಕ್ಕ ಮೇಲೆ ಮೊದಲು ಕೂಡ್ಲಿಗಿ, ಆಮೇಲೆ ಹಗರಿಬೊಮ್ಮನಹಳ್ಳಿ. ಕೂಡ್ಲಿಗಿಯ ಹೈಸ್ಕೂಲಿನಲ್ಲಿ ರೇಣುಕಾ ಎಂಬ ಹುಡುಗಿ ನನ್ನ ಶಿಷ್ಯೆಯಾಗಿದ್ದಳು. ಕುರಿ ಸಾಕುವ ಮನೆಯವಳು. ಸ್ಕೇಲು ಇಟ್ಟು ಎಳೆದರೂ ಅವಳ ಗೆರೆ ಸೊಟ್ಟಗೇ ಹೋಗುತ್ತಿತ್ತು. ಆದರೆ ಬೇವಿನೆಲೆ ಬರೆಯಲು ಹೇಳಿದರೆ ಇಡೀ ತರಗತಿಯಲ್ಲಿ ಅವಳೊಬ್ಬಳೇ ಹೊರಗೆ ಹೋಗಿ ಒಂದು ಎಲೆ ಕಿತ್ತು ತರುತ್ತಿದ್ದಳು. 'ಎಲಿಯ ಎರಡೂ ಕಡಿ ಒಂದೇ ಸಮ ಇಲ್ಲಲ್ರಿ ಅಕ್ಕೋರ' ಎಂದು ತೋರಿಸುತ್ತಿದ್ದಳು. ಮುಂದೆ ಓದಿ, ನಮ್ಮ ಕಡೆಯ ಹಳ್ಳಗಳಲ್ಲಿರುವ ಸಣ್ಣ ಮೀನುಗಳ ಬಗ್ಗೆ ಸಂಶೋಧನೆಗೆ ನಿಂತಳು ಎಂದು ಕೇಳಿದ್ದೆ.

ಹಗರಿಬೊಮ್ಮನಹಳ್ಳಿಯ ಆ ಕೊನೆಯ ವರ್ಷ ಹಸ್ತ ಮಳೆ ಹುಚ್ಚು ಹಿಡಿದಂತೆ ಸುರಿದಿತ್ತು. ದಸರಾ ರಜೆ ಮುಗಿಯುವ ಹೊತ್ತಿಗೆ ಒಂದು ಸಂಜೆ ರೇಣುಕಾ ನಾನು ಬಾಡಿಗೆಗಿದ್ದ ಮನೆಗೆ ಬಂದಳು. ಸ್ಕೂಟರಿನ ಹಿಂದೆ ಕಟ್ಟಿ ತಂದಿದ್ದ ಥರ್ಮಾಕೋಲಿನ ಡಬ್ಬಿಯನ್ನು ಬಿಚ್ಚಿ ಪಡಸಾಲೆಯಲ್ಲಿಟ್ಟಳು.

"ಅಕ್ಕೋರ, ಒಂದಿಷ್ಟು ಚಿತ್ರ ಬರಕೊಡಬೇಕ್ರಿ," ಅಂದಳು.

"ಯಾವುದರ ಚಿತ್ರ?"

"ಮೀನಿಂದು."

"ಯಾವ ಮೀನು?"

"ಅದನ್ನ ಹೇಳಂಗಿಲ್ರಿ."

ನಾನು ನಕ್ಕೆ. ಅವಳು ನಗಲಿಲ್ಲ. "ನಾ ಹೆಸರು ಹೇಳಿದ್ರ ನಿಮ್ಮ ಕೈ ಆ ಹೆಸರಿನ ಮೀನ ಬರೀತತಿ. ನನಗ ನಿಮ್ಮ ಕಣ್ಣಿಗೆ ಕಂಡದ್ದು ಬೇಕ್ರಿ. ಏನು ಹುಡಕಾಕತ್ತೀನಿ ಅನ್ನೋದನ್ನ ಎಲ್ಲಾ ಬರದಾದ ಮ್ಯಾಲೆ ಹೇಳ್ತೀನಿ."

ಅಷ್ಟರಲ್ಲಿ ಡಬ್ಬಿಯ ಮುಚ್ಚಳದ ಸಂದಿನಿಂದ ಮೀನಿನ ವಾಸನೆ ಒಳಮನೆಗೆ ಹೋಗಿ, ಮನೆಯೊಡತಿ ಹೊಸ್ತಿಲಿಗೆ ಬಂದು ನಿಂತರು. "ಅಕ್ಕೋರ, ನಮ್ದು ಲಿಂಗಪೂಜಿ ಮಾಡೋ ಮನಿ ಐತಿ," ಅಂದರು, ಅಷ್ಟೇ. ಡಬ್ಬಿ ಮತ್ತೆ ಸ್ಕೂಟರಿಗೆ ಹೋಯಿತು. ನಾವಿಬ್ಬರೂ ರಸ್ತೆಯ ಆಚೆ ಬದಿಯ ಹುಣಸೆ ಮರದ ಕೆಳಗೆ ನಿಂತು ಮಾತು ಮುಂದುವರಿಸಿದೆವು.

ವಿಷಯ ಹೀಗಿತ್ತು. ರೇಣುಕಾಳ ದೊಡ್ಡಪ್ಪ ನಿಂಗಪ್ಪ, ತಂಬ್ರಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ, ಹೆಂಡತಿಯ ತವರಿನಲ್ಲಿ ನೆಲೆಸಿದ್ದ. ಮೊದಲು ಕುರಿ ಹಿಂದೆ ಊರೂರು ಅಲೆಯುತ್ತಿದ್ದವನು, ಹೊಲದಲ್ಲಿ ಕೃಷಿ ಹೊಂಡ ತೋಡಿಸಿದ ಮೇಲೆ ಒಂದೆಡೆ ನಿಂತಿದ್ದ. ಹೊಂಡದ ನೀರಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆಯುತ್ತಿದ್ದ. ಆ ವರ್ಷದ ಮುಂಗಾರಿನಲ್ಲಿ ಮೊದಲ ಸಲ ಅದರಲ್ಲಿ ಜಿಲೇಬಿ ಮೀನಿನ ಮರಿ ಬಿಟ್ಟಿದ್ದ. ಹಸ್ತ ಮಳೆಗೆ ಹೊಂಡದ ಒಡ್ಡು ಒಡೆಯಿತು. ಮೀನೆಲ್ಲ ಹಳ್ಳಕ್ಕೆ ಬಿದ್ದವು. ಹಳ್ಳ ಹೋಗಿ ಸೇರುವುದು ಊರ ಕೆರೆಗೆ. ಆ ಕೆರೆಯಲ್ಲಿ ಮೀನು ಹಿಡಿಯುವ ಹಕ್ಕು ಊರಿನ ಬೆಸ್ತರ ಮನೆಗಳದು. ಅವರು ಬಿಟ್ಟಿದ್ದ ಕಾಟ್ಲಾ, ರೋಹು ಮರಿಗಳು ಬಲೆಗೆ ಬೀಳುವುದು ಕಡಿಮೆಯಾಗಿ, ಎತ್ತಿದ ಬಲೆಯಲ್ಲೆಲ್ಲ ಜಿಲೇಬಿ ತುಂಬಿದ್ದವು. ಜಿಲೇಬಿ ಬಲು ಬೇಗ ಮರಿ ಹಾಕುವ ಜಾತಿ. ಬೇರೆ ಮೀನಿನ ಮೇವು, ಮೊಟ್ಟೆ ಯಾವುದನ್ನೂ ಬಿಡುವುದಿಲ್ಲ. ನಿಂಗಪ್ಪನಿಂದಲೇ ಕೆರೆ ಕೆಟ್ಟಿತು, ಅವನು ಹೊಂಡ ಮುಚ್ಚಬೇಕು ಎಂದು ಬೆಸ್ತರು ಪಟ್ಟು ಹಿಡಿದಿದ್ದರು. ದೀಪಾವಳಿ ಕಳೆದ ಮೇಲೆ ಕೆರೆ ಏರಿಯ ಮೇಲೆ ಕೂತು ತೀರ್ಮಾನ ಮಾಡುವುದೆಂದು ಹಿರಿಯರು ಮಾತು ಕೊಟ್ಟಿದ್ದರು.

"ನೀನೇ ಹೇಳಬಹುದಲ್ಲ? ಮೀನು ಓದಿದವಳು ನೀನು," ಅಂದೆ.

"ನಾನು ಅವರ ಮನಿ ಮಗಳು ರಿ. ನಾ ಏನಂದ್ರೂ ದೊಡ್ಡಪ್ಪನ ಪರ ಅಂತಾರ. ಫೋಟೋ ತೋರ್ಸಿದ್ನಿ, 'ಫೋನಿನಾಗ ಏನು ಬೇಕಾದ್ರೂ ಮಾಡ್ತೀರಿ' ಅಂದ್ರು. ನಿಮಗ ಈ ಕಡಿ ಸಂಬಂಧ ಇಲ್ಲ, ಆ ಕಡಿ ಸಂಬಂಧ ಇಲ್ಲ. ಮೀನ ಅಂತೂ ತಿನ್ನಂಗೇ ಇಲ್ಲ."

ನನ್ನ ಬಗ್ಗೆ ನಾನು ಹೆಚ್ಚು ಹೇಳಿಕೊಳ್ಳುವವಳಲ್ಲ, ಆದರೆ ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಉಂಟು. ಇಪ್ಪತ್ತು ವರ್ಷ ಮಕ್ಕಳಿಗೆ 'ಕಂಡದ್ದನ್ನು ಬರೆಯಿರಿ' ಎಂದು ಹೇಳಿಕೊಂಡು ಬಂದವಳು, ನನಗೇ ಆ ಕೆಲಸ ಬಂದಾಗ ಹಿಂದೆ ಸರಿಯುವುದುಂಟೇ? ಬರುವ ಭಾನುವಾರ ಬರುತ್ತೇನೆ ಅಂದೆ. ಒಂದೇ ಮಾತು ಸೇರಿಸಿದೆ. ಮೀನು ಹಿಡಿಯುವವರು ಬೆಸ್ತರೇ ಆಗಿರಬೇಕು, ಚಿತ್ರ ಅವರ ಕಣ್ಣೆದುರೇ ಆಗಬೇಕು. ರೇಣುಕಾ ತಲೆಯಾಡಿಸಿದಳು. ಅವಳ ಮನಸ್ಸಿನಲ್ಲಿದ್ದದ್ದೂ ಅದೇ.

ಭಾನುವಾರ ಬೆಳಿಗ್ಗೆ ತಂಬ್ರಹಳ್ಳಿಯವರೆಗೆ ಬಸ್ಸು, ಅಲ್ಲಿಂದ ರೇಣುಕಾಳ ಸ್ಕೂಟರು. ಎರೆಹೊಲದ ಕೆಸರು ಇನ್ನೂ ಆರಿರಲಿಲ್ಲ. ಮಳೆ ಹೊಳವಾದದ್ದೇ ತಡ, ಡಾಂಬರು ರಸ್ತೆಯ ಅರ್ಧದಷ್ಟಗಲ ಮೆಕ್ಕೆಜೋಳ ಹರವಿದ್ದರು. ಉಳಿದರ್ಧದಲ್ಲಿ ಬಸ್ಸು, ಟ್ರ್ಯಾಕ್ಟರು, ಕುರಿಹಿಂಡು, ನಾವು. ಗಾಳಿಗೆ ಹಸಿ ಉಳ್ಳಾಗಡ್ಡಿಯ ವಾಸನೆ. ಕೆರೆ ಕಂಡಾಗ ನನಗೆ ಖುಷಿಯೇ ಆಯಿತು. ಹತ್ತಾರು ವರ್ಷದಲ್ಲಿ ಅಷ್ಟು ತುಂಬಿರಲಿಲ್ಲವಂತೆ. ಜಾಲಿ ಗಿಡಗಳು ಸೊಂಟದವರೆಗೆ ನೀರಲ್ಲಿ ನಿಂತಿದ್ದವು.

ಏರಿಯ ಕೆಳಗಿನ ಮೊದಲ ಮನೆ ಹುಲಿಗೆವ್ವನದು. ಬೆಸ್ತರ ಮನೆಗಳಿಗೆಲ್ಲ ಅವಳೇ ಮುಂದಾಳು. ಐವತ್ತರ ಆಸುಪಾಸಿನ ಹೆಂಗಸು, ಗಂಡ ತೀರಿ ಬಹಳ ವರ್ಷವಾಗಿತ್ತು. ಹರಿಗೋಲು ಹಾಕುವುದರಿಂದ ಹಿಡಿದು ಹಗರಿಬೊಮ್ಮನಹಳ್ಳಿ ಸಂತೆಯಲ್ಲಿ ಮೀನು ಮಾರುವವರೆಗೆ ಎಲ್ಲವನ್ನೂ ತಾನೇ ಮಾಡುವವಳು. ದನಿ ದೊಡ್ಡದು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಮೀನ ತಿನ್ನದವರು ಮೀನ ಹೆಂಗ ಬರೀತೀರಿ ಅಕ್ಕೋರ?"

"ಹುಲಿ ಬರೆಯೋರೆಲ್ಲ ಹುಲಿ ತಿಂದಿರ್ತಾರೇನು ಹುಲಿಗೆವ್ವ?"

ಅವಳು ಗಹಗಹಿಸಿ ನಕ್ಕು ಕಟ್ಟೆಯ ಮೇಲೆ ಚಾಪೆ ಹಾಸಿದಳು. "ಕುಂದರ್ರಿ. ಒಂದು ಮಾತು ಹೇಳ್ತೀನಿ. ನಿಮ್ಮ ಶಿಷ್ಯಾಗ ಬೇಕಾದಂಗ ಬರದ್ರ ಹಾಳಿ ಹರದು ಕೆರಿಗೆ ಒಗೀತೀನಿ."

"ಬರ್ದ ಚಿತ್ರ ಮೀನಿನಂಗೆ ಐತೋ ಇಲ್ಲೋ ನೀವೇ ನೋಡ್ರಿ. ಐತೆ ಅನ್ನಿಸಿದ್ರೆ ಕೆಳಗೆ ಸಹಿ ಹಾಕ್ರಿ. ಇಲ್ಲಾಂದ್ರೆ ಹರೀರಿ."

ಹೀಗೆ ಕೆಲಸ ಶುರುವಾಯಿತು. ಹುಲಿಗೆವ್ವನ ಅಣ್ಣನ ಮಗ ಮತ್ತು ಅವನ ಜೊತೆಯವರು ಕೆರೆಯಲ್ಲಿ, ಹಳ್ಳದ ಮಡುಗಳಲ್ಲಿ ಬಲೆ ಬೀಸಿ ಮೀನು ತರುತ್ತಿದ್ದರು. ರೇಣುಕಾ ಒಂದೊಂದನ್ನೇ ಥರ್ಮಾಕೋಲಿನ ಹಲಗೆಯ ಮೇಲೆ ಮಲಗಿಸಿ, ಮಡಿಸಿಕೊಂಡ ರೆಕ್ಕೆ, ಬಾಲಗಳನ್ನು ಬೀಸಣಿಗೆಯಂತೆ ಬಿಡಿಸಿ ಗುಂಡುಸೂಜಿ ಚುಚ್ಚುತ್ತಿದ್ದಳು. ಮೀನಿನ ಉದ್ದವನ್ನು ನಾನು ಹಾಳೆಯ ಮೇಲೆ ಎರಡು ಚುಕ್ಕೆ ಇಟ್ಟು ಗುರುತು ಮಾಡಿಕೊಂಡು, ಅಷ್ಟೇ ಅಳತೆಗೆ ಬರೆಯುತ್ತಿದ್ದೆ. ಬೇಗ ಬರೆಯಬೇಕಿತ್ತು. ನೀರಿನಿಂದ ತೆಗೆದ ಅರ್ಧ ತಾಸಿಗೆ ಬಣ್ಣ ಮಾಸತೊಡಗುತ್ತಿತ್ತು. ಚಿತ್ರ ಮುಗಿದದ್ದೇ ರೇಣುಕಾ ಬಾಲದ ತುದಿಯಿಂದ ಉಗುರಿನಷ್ಟು ತುಣುಕು ಕತ್ತರಿಸಿ ಸ್ಪಿರಿಟಿನ ಸೀಸೆಗೆ ಹಾಕಿ, ಮೀನನ್ನು ಫಾರ್ಮಲಿನ್ ಜಾಡಿಗೆ ಇಳಿಸುತ್ತಿದ್ದಳು. ಮೊದಲ ಮೀನನ್ನು ನಾನು ಮುಟ್ಟದೆ, ದೂರದಿಂದಲೇ ನೋಡಿ ಬರೆದೆ. ಎರಡನೆಯ ಮೀನಿಗೆ ಸೂಜಿ ಸರಿಯಾಗಿ ಕೂತಿಲ್ಲವೆಂದು ನಾನೇ ಕೈಯಿಂದ ಬಾಲ ಬಿಡಿಸಿದೆ. ತಣ್ಣಗಿತ್ತು, ಹಸಿ ಕಾಗದದಂತೆ ತೆಳ್ಳಗಿತ್ತು. ಆಮೇಲೆ ಯಾವ ಅಳುಕೂ ಉಳಿಯಲಿಲ್ಲ.

ಆ ದಿನದ ಮೊದಲ ಮೀನು ಕಪ್ಪು. ಮುಖದ ಮೇಲ್ಭಾಗ ಒಳಕ್ಕೆ ತಗ್ಗಿದಂತೆ, ಬಾಯಿ ದೊಡ್ಡದು. ಬಾಲದಲ್ಲಿ ಗೆರೆಯೇ ಇಲ್ಲ, ಅಂಚಿಗೆ ಮಾತ್ರ ಕೆಂಪು. "ಇದು ನಮ್ಮ ಕರಿ ಜಿಲೇಬಿ. ನಮ್ಮಜ್ಜನ ಕಾಲದಿಂದ ಐತಿ," ಅಂದಳು ಹುಲಿಗೆವ್ವ. ಎರಡನೆಯದು ಬೆಳ್ಳಗೆ, ಮುಖ ಉಬ್ಬಿ ದುಂಡಗೆ. ಬಾಲದ ಬುಡದಿಂದ ಅಂಚಿನ ತನಕ ಅಡ್ಡಡ್ಡ ಸಾಲು ಸಾಲು ಗೆರೆಗಳು, ಇಳಕಲ್ ಸೀರೆಯ ದಡಿಯಂತೆ. "ಇದೇ ನೋಡ್ರಿ ಆ ನಿಂಗಪ್ಪನ ಗೆರಿ ಜಿಲೇಬಿ," ಅಂದಳು, ಹಲ್ಲು ಕಚ್ಚಿ.

ನಾಲ್ಕನೆಯ ಮೀನು ಬರೆಯುವಾಗ ನನ್ನ ಕೈ ಒಂದು ತಪ್ಪು ಮಾಡಿತು. ಮೈ ಬರೆದೆ, ಬಾಲದ ಬುಡದಲ್ಲಿ ಗೆರೆ ಕಂಡೆ, ಹಿಂದಿನ ಮೀನಿನ ರೂಢಿಯಲ್ಲಿ ಸರಸರನೆ ಅಂಚಿನವರೆಗೂ ಗೆರೆ ಹಾಕಿಕೊಂಡು ಹೋದೆ. ತಲೆಯೆತ್ತಿ ನೋಡಿದರೆ ಮೀನಿನ ಬಾಲದಲ್ಲಿ ಅಷ್ಟು ಗೆರೆ ಇರಲೇ ಇಲ್ಲ. ಬುಡದ ಕಡೆ ನಾಲ್ಕೈದು ಸಾಲು ಸ್ಪಷ್ಟವಾಗಿದ್ದವು, ನಡುವಿಗೆ ಬರುತ್ತಲೇ ಮುರಿದು ತುಂಡಾಗಿ, ಆಚೆಗೆ ಬಾಲ ಖಾಲಿ. ಅಂಚಿನಲ್ಲಿ ತೆಳುವಾದ ಕೆಂಪು. ರಬ್ಬರು ತೆಗೆದುಕೊಂಡು ಅರ್ಧ ಬಾಲವನ್ನು ಅಳಿಸಿದೆ. ರೇಣುಕಾ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಏನೋ ಹೊಳೆದು ಹೋಯಿತು, ಬಾಯಿ ಮಾತ್ರ ಬಿಡಲಿಲ್ಲ.

ಅಂಥ ಮೀನು ಅದೊಂದೇ ಆಗಿರಲಿಲ್ಲ. ಮುಂದಿನ ಭಾನುವಾರ ಇನ್ನೂ ಸಿಕ್ಕವು. ಕೆಲವಕ್ಕೆ ಮುಖ ಕರಿ ಜಿಲೇಬಿಯಂತೆ ತಗ್ಗಿ, ಬಾಲ ಅರ್ಧ ಗೆರೆ. ಕೆಲವಕ್ಕೆ ಮುಖ ದುಂಡಗೆ, ಬಾಲದ ಮೇಲ್ಭಾಗದಲ್ಲಷ್ಟೇ ಗೆರೆ. ಒಂದೆರಡರ ಬಾಲದಲ್ಲಿ ಬರೀ ಚುಕ್ಕೆಗಳಿದ್ದವು. ಬಲೆಯವರು ಅವನ್ನು ಒಮ್ಮೆ ಕರಿ ಅನ್ನುತ್ತಿದ್ದರು, ಒಮ್ಮೆ ಗೆರಿ ಅನ್ನುತ್ತಿದ್ದರು. ಬುಟ್ಟಿಯಲ್ಲಿ ರಾಶಿ ಬಿದ್ದಾಗ ಯಾರು ಬಾಲ ಬಿಡಿಸಿ ನೋಡುತ್ತಾರೆ? ನಾನು ಹೆಸರಿನ ತಂಟೆಗೆ ಹೋಗಲಿಲ್ಲ. ಗೆರೆ ಎಲ್ಲಿ ನಿಂತಿತೋ ಅಲ್ಲಿ ಪೆನ್ಸಿಲು ನಿಲ್ಲಿಸಿದೆ. ಪ್ರತಿ ಚಿತ್ರ ಮುಗಿದಾಗಲೂ ಹುಲಿಗೆವ್ವ ಹಾಳೆಯನ್ನು ಮೀನಿನ ಪಕ್ಕ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಅಕ್ಷರಕ್ಕೊಂದು ಉಸಿರು ಎಳೆದುಕೊಂಡು ಸಹಿ ಹಾಕುತ್ತಿದ್ದಳು. ಒಂದನ್ನೂ ಹರಿಯಲಿಲ್ಲ. ಒಂದು ಸಲ ಮಾತ್ರ, "ಕಣ್ಣು ಚೂರು ಮ್ಯಾಲೆ ಆತ್ರಿ," ಅಂದಳು. ಅಳತೆ ಹಿಡಿದು ನೋಡಿದೆ. ಅವಳದೇ ಸರಿ. ತಿದ್ದಿದೆ.

ಎರಡನೆಯ ಭಾನುವಾರ ಮಧ್ಯಾಹ್ನ ನಿಂಗಪ್ಪ ನನ್ನನ್ನು ನೋಡಲು ಹಳ್ಳದ ದಾರಿಯಲ್ಲಿ ಕಾದಿದ್ದ. ಎತ್ತರದ, ಒಣಕಲು ಆಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಉಳ್ಳಾಗಡ್ಡಿಯ ಚೀಲ.

"ತಗೋರಿ ಅಕ್ಕೋರ, ಹೊಲದಾಗಿನವು."

"ಈಗ ಬೇಡ ನಿಂಗಪ್ಪ. ತೀರ್ಮಾನ ಆಗ್ಲಿ. ಆಮೇಲೆ ಬೇಕಾದ್ರೆ ಮೂಟೆಗಟ್ಟಲೆ ಕೊಡು."

ಅವನಿಗೆ ಅರ್ಥವಾಯಿತು. ಚೀಲ ಕೆಳಗಿಟ್ಟು ಅಂದ: "ನನ್ನ ಮೀನ ಹಳ್ಳಕ್ಕ ಹೋಗ್ಯಾವ್ರಿ. ಅದು ಸುಳ್ಳಲ್ಲ. ಮರಿ ಕೊಟ್ಟವರು ಎಲ್ಲಾ ಗಂಡೇ ಅದಾವ, ಮರಿ ಹಾಕಂಗಿಲ್ಲ ಅಂದಿದ್ರು. ನನಗೇನು ಗೊತ್ತಾಗತತಿ? ನಮ್ಮ ರೇಣಿ ಮ್ಯಾಲಿನ ಪ್ರೀತಿಗೆ ಅದನ್ನ ಮುಚ್ಚಿ ಬರೀಬ್ಯಾಡ್ರಿ. ಹೋದಷ್ಟು ಹೋಗ್ಯಾವ ಅಂತ ಬರೀರಿ. ಹೋಗದ್ದನ್ನ ನನ್ನ ತಲಿಗೆ ಕಟ್ಟಬ್ಯಾಡ್ರಿ, ಅಷ್ಟ."

ಆ ಮಾತು ಕೇಳಿದ ಮೇಲೆ ನನ್ನ ಪೆನ್ಸಿಲಿನ ಮೊನೆ ಇನ್ನಷ್ಟು ಚೂಪಾಯಿತು ಎಂದರೆ ತಪ್ಪಲ್ಲ.

ಮೂರನೆಯ ಭಾನುವಾರದ ಮೀನು ಎಲ್ಲಕ್ಕಿಂತ ದೊಡ್ಡದು. ಹಾಳೆಯ ಮೇಲೆ ಅದರ ಮೂತಿಯಿಂದ ಬಾಲದ ತುದಿಯವರೆಗೆ ನನ್ನ ಅಗಲಿಸಿದ ಗೇಣಿಗಿಂತ ಎರಡು ಬೆರಳು ಹೆಚ್ಚು. ಹುಲಿಗೆವ್ವ ಅಡಿಕೆ ಎಲೆ ಹಾಕಿಕೊಂಡು ನನ್ನ ಮಗ್ಗುಲಲ್ಲೇ ಕೂತಿದ್ದಳು. ನಾನು ಬಾಲಕ್ಕೆ ಬಂದೆ. ಒಂದು ಗೆರೆ, ಎರಡು, ಮೂರು, ನಾಲ್ಕು, ಐದನೆಯದು ಅರ್ಧ ಮುರಿದದ್ದು. ಅಲ್ಲಿಗೆ ನಿಲ್ಲಿಸಿ ಕೆಂಪು ಪೆನ್ಸಿಲು ತೆಗೆದುಕೊಂಡೆ. ಕರಿಯ ಕೆಂಪಂಚೂ ಇತ್ತು, ಗೆರಿಯ ಗೆರೆಯೂ ಇತ್ತು.

"ಇದು ಎರಡೂ ಅಲ್ಲಲ್ರಿ," ಅಂದಳು ಹುಲಿಗೆವ್ವ, ಸಣ್ಣ ದನಿಯಲ್ಲಿ. ಅವಳು ಮೀನಿನ ಮುಖ ನೋಡಿದಳು, ಬಾಲ ನೋಡಿದಳು, ಮತ್ತೆ ಮುಖ ನೋಡಿದಳು. ಸಹಿ ಹಾಕುವಾಗ ಅವಳ ಕೈ ಎಂದಿಗಿಂತ ನಿಧಾನವಾಗಿತ್ತು. ಹಾಕಿ ಮುಗಿಸಿದವಳೇ ಎದ್ದು ಒಳಗೆ ಹೋದಳು. ಆ ದಿನ ನಾವು ಹೊರಡುವವರೆಗೂ ಹೊರಗೆ ಬರಲಿಲ್ಲ. ಚಹಾವನ್ನು ಸೊಸೆಯ ಕೈಯಲ್ಲಿ ಕಳಿಸಿದಳು. ಮೈಗೆ ಹುಷಾರಿಲ್ಲವೇನೋ ಅಂದುಕೊಂಡೆ.

ದೀಪಾವಳಿಗೆ ಎರಡು ದಿನ ಮುಂಚೆ ರೇಣುಕಾ ನಮ್ಮ ಶಾಲೆಗೆ ಬಂದು, ಖಾಲಿ ತರಗತಿಯ ನೆಲದ ಮೇಲೆ ನನ್ನ ಚಿತ್ರಗಳನ್ನೆಲ್ಲ ಮೂರು ಸಾಲು ಮಾಡಿ ಜೋಡಿಸಿದಳು. ಮೊದಲ ಸಾಲಿಗೆ ಗೆರೆಯಿಲ್ಲದ ಬಾಲ, ಕೊನೆಯ ಸಾಲಿಗೆ ತುಂಬುಗೆರೆಯ ಬಾಲ, ನಡುವೆ ಅರ್ಧ ಗೆರೆಯವು. ಆಗ ಬಾಯಿ ಬಿಟ್ಟಳು.

"ನಡುವಿನವು ಮಿಶ್ರ ತಳಿ ಇರಬಹುದ್ರಿ ಅಕ್ಕೋರ. ಕರಿ ಜಿಲೇಬಿ, ಗೆರಿ ಜಿಲೇಬಿ ಎರಡೂ ಕೂಡಿ ಆದವು."

"ಅಂದ್ರೆ?"

"ಹೊಂಡ ಒಡದಿದ್ದು ಹಸ್ತ ಮಳ್ಯಾಗ. ನಾವು ಮೀನ ಹಿಡದಿದ್ದು ಅಲ್ಲಿಂದ ಮೂರು ವಾರದಿಂದ ಐದು ವಾರದೊಳಗ. ಇಷ್ಟರಾಗ ಹೊಂಡದ ಮೀನ ಬಂದು, ಕರಿ ಜಿಲೇಬಿ ಕೂಡ ಸೇರಿ, ಮರಿ ಹಾಕಿ, ಆ ಮರಿ ಗೇಣುದ್ದ ಬೆಳೀತಾವೇನ್ರಿ? ಗೆರಿ ಜಿಲೇಬಿ ಈ ಕೆರಿಗೆ ದೊಡ್ಡಪ್ಪನ ಹೊಂಡಕ್ಕಿಂತ ಮೊದಲೇ ಬಂದೈತಿ."

ಪೆನ್ಸಿಲು ಹಿಡಿದು ಅರ್ಧಕ್ಕೆ ನಿಲ್ಲಿಸಿದ ಒಂದೊಂದು ಗೆರೆಯೂ ಒಬ್ಬ ಮನುಷ್ಯನ ಹೊಲದ ನೀರಿನ ಪ್ರಶ್ನೆಯಾಗಿತ್ತು. "ಹಂಗಾದ್ರೆ ಏರಿ ಮೇಲೆ ನಿಂತು ಮಿಶ್ರ ತಳಿನೇ ಅಂತ ಗಟ್ಟಿಯಾಗಿ ಹೇಳಿಬಿಡು," ಅಂದೆ.

"ಇಲ್ರಿ. ಇರಬಹುದು ಅಂತಷ್ಟೇ ಹೇಳೋದು. ಬಾಲ ನೋಡಿ, ಮುಖ ನೋಡಿ ಪೂರ್ತಿ ಹೇಳಾಕ ಬರಂಗಿಲ್ಲ. ಬಾಲದ ತುಣುಕು ಪರೀಕ್ಷೆಗೆ ಕಳಿಸೀನಿ, ಅದು ಬರೋದು ಬ್ಯಾಸಿಗಿಗೆ."

"ತೀರ್ಮಾನ ಬೇಸಿಗೆ ತನಕ ಕಾಯಲ್ಲ, ರೇಣುಕಾ."

"ಕಾಯ್ಲಿಲ್ಲಾಂದ್ರ ಬಿಡ್ಲಿ. ಗೊತ್ತಿಲ್ಲದ್ದನ್ನ ಗೊತ್ತೈತಿ ಅನ್ನಂಗಿಲ್ರಿ ನಾನು. ದೊಡ್ಡಪ್ಪನ ಸಲುವಾಗಿನೂ ಅನ್ನಂಗಿಲ್ಲ."

ಹದಿನೈದು ವರ್ಷದ ಹಿಂದೆ ಎಲೆ ಕಿತ್ತುಕೊಂಡು ಬಂದು ನನ್ನೆದುರು ನಿಲ್ಲುತ್ತಿದ್ದ ಹುಡುಗಿಯೇ ಇವಳು. ನಾನು ಒತ್ತಾಯ ಮಾಡಲಿಲ್ಲ. "ಹಂಗಾದ್ರೆ ನೀನು ಹಿಂದೆ ಕೂತಿರು. ಉದ್ದಕ್ಕೆ, ಗೆರೆಗೆ ನಾನು ಜವಾಬ್ದಾರಿ. ಅಷ್ಟನ್ನ ನಾನು ಹೇಳ್ತೀನಿ," ಅಂದೆ.

ಹಬ್ಬ ಕಳೆದ ನಂತರ, ಒಂದು ಮುಂಜಾನೆ ಕೆರೆ ಏರಿಯ ಗಂಗಮ್ಮನ ಕಟ್ಟೆಯ ಹತ್ತಿರ ಊರು ಸೇರಿತು. ಬೆಸ್ತರು ಒಂದು ಕಡೆ, ಹೊಲದವರು ಒಂದು ಕಡೆ, ನಡುವೆ ಹಿರಿಯರು. ನಿಂಗಪ್ಪ ಕಂಬಳಿ ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತ ಕೂತಿದ್ದ. ನಾನು ಎದ್ದು ನಿಂತೆ. ಅರವತ್ತು ಮಕ್ಕಳ ತರಗತಿಗಿಂತ ಆ ಸಭೆ ಶಾಂತವಾಗಿಯೇ ಇತ್ತು.

"ನಂಗೆ ಮೀನಿನ ವಿಷಯ ಗೊತ್ತಿಲ್ಲ, ಗೆರೆ ವಿಷಯ ಗೊತ್ತು," ಎಂದು ಶುರು ಮಾಡಿ ಮೂರು ಚಿತ್ರ ಎತ್ತಿ ತೋರಿಸಿದೆ. "ಇದು ನಿಮ್ಮ ಹಳೆ ಕರಿ ಜಿಲೇಬಿ. ಇದು ಗೆರಿ ಜಿಲೇಬಿ. ಇಂಥವು ಕೆರೆಯಾಗೆ ಸಿಕ್ಕಾವೆ, ಕೆಲವು ನಿಂಗಪ್ಪನ ಹೊಂಡದವೂ ಇರ್ತಾವೆ. ತನ್ನ ಮೀನು ಹೋಗೇತೆ ಅಂತ ಅವನೇ ಒಪ್ಕೊಂಡಾನೆ. ಇದು ಮೂರನೇದು. ಮುಖ ಕರಿ ಜಿಲೇಬಿದು, ಬಾಲದ ಗೆರೆ ಅರ್ಧ. ಎರಡೂ ಕೂಡಿ ಆದದ್ದು ಇರಬಹುದು ಅಂತ ಓದಿದವರು ಹೇಳ್ತಾರೆ, ಖಾತ್ರಿ ಪರೀಕ್ಷೆ ಆದ ಮೇಲೆ. ನಾನು ಖಾತ್ರಿ ಹೇಳೋದು ಒಂದೇ. ಇದು ನಿಮ್ಮ ಬಲೆಗೆ ಬಿದ್ದ ಮೀನು, ಇದರ ಉದ್ದ ಇಷ್ಟು. ಕೂಡಿ ಆದದ್ದೇ ಆಗಿದ್ರೆ, ಹುಟ್ಟಿ ಇಷ್ಟುದ್ದ ಆಗೋಕೆ ಎಷ್ಟು ದಿನ ಬೇಕು? ಅದನ್ನ ನೀವೇ ಹೇಳ್ರಿ."

ಬೆಸ್ತರ ಸಾಲಿನ ಮುದುಕನೊಬ್ಬ ಚಿತ್ರವನ್ನು ಹತ್ತಿರ ತರಿಸಿಕೊಂಡು ಗೇಣು ಹಾಕಿ ನೋಡಿದ. "ಒಂದು ಪೂರಾ ಮಳಿಗಾಲನರ ದಾಟಬೇಕವ್ವ," ಅಂದ.

ಸಭೆಯಲ್ಲಿ ಗುಸುಗುಸು ಎದ್ದಿತು. ಹುಲಿಗೆವ್ವನ ಅಣ್ಣನ ಮಗ ಎದ್ದು, "ಚಿತ್ರ ಯಾರು ಬೇಕಾದ್ರೂ ಬರೀತಾರ! ಉದ್ದ ಎಷ್ಟು ಬೇಕಾದ್ರೂ ಎಳೀತಾರ!" ಎಂದು ಕೂಗಿದ.

"ಕುಂದ್ರೋ," ಅಂದಳು ಹುಲಿಗೆವ್ವ. ಅವಳು ಎದ್ದು ನಿಂತಿದ್ದಳು. "ಕೆಳಗ ಸಹಿ ನಂದೈತಿ. ಎಳದು ಬರದಿಲ್ಲ."

ಹುಡುಗ ಕೂತ. ಅವಳು ಕೂರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಬಿಚ್ಚಿದಳು, ಮತ್ತೆ ಸಿಕ್ಕಿಸಿಕೊಂಡಳು.

"ಗೆರಿ ಜಿಲೇಬಿ ಕೆರಿಗೆ ಬಿಟ್ಟಾಕಿ ನಾನು," ಅಂದಳು.

ನಿಂಗಪ್ಪ ನೆಲದಿಂದ ತಲೆಯೆತ್ತಿದ.

"ಹ್ವಾದ ವರ್ಷ ಅಲ್ಲ, ಅದರಾಚಿ ಬ್ಯಾಸಿಗ್ಯಾಗ ನಮ್ಮಣ್ಣಗ ಡ್ಯಾಮಿನ ಹಿನ್ನೀರಿನಾಗ ಇವು ಬಲಿಗೆ ಬಿದ್ದಿದ್ವು. ದಪ್ಪ ಇದ್ವು, ಬೆಳ್ಳಗಿದ್ವು, ಸಂತ್ಯಾಗ ಮುಂಜಾನೆನ ಖಾಲಿ ಆಗ್ತಿದ್ವು. ನಮ್ಮ ಕೆರ್ಯಾಗೂ ಆಗ್ಲಿ ಅಂತ ಒಂದು ಕೊಡದಾಗ ಜೀವಂತ ತಂದು ಬಿಟ್ನಿ. ಯಾರನ್ನೂ ಕೇಳ್ಲಿಲ್ಲ. ಆಮ್ಯಾಲೆ ಕಣ್ಣಿಗೆ ಬೀಳ್ಲಿಲ್ಲ, ಸತ್ತ್ವು ಅಂತ ತಿಳಕೊಂಡ್ನಿ. ಈ ವರ್ಷ ಕಾಟ್ಲಾ ಕಮ್ಮಿ ಆದಾಗ ನನಗ ಒಳಗ ಹೆದರಿಕಿ ಇತ್ತು. ಅಷ್ಟರಾಗ ನಿಂಗಪ್ಪನ ಹೊಂಡ ಒಡೀತು. ನನ್ನ ತಲಿ ಮ್ಯಾಲಿಂದು ಇಳದಂಗಾತು, ಎಲ್ಲಾ ಅವನ ತಲಿ ಮ್ಯಾಲೆ ಇಟ್ನಿ." ಅವಳು ನನ್ನ ಕಡೆ ತಿರುಗಿದಳು. "ಅಕ್ಕೋರು ಆ ದೊಡ್ಡ ಮೀನ ಬರೀವಾಗ ಗುರ್ತು ಹತ್ತಿತು. ಮಕ್ಕಳ ಮಾರಿ ನೋಡಿದ್ರ ತಾಯಿ ಯಾರು ಅಂತ ಗೊತ್ತಾಗಂಗಿಲ್ಲೇನು?"

ಅದರ ಮೇಲೆ ಆದದ್ದು ಗದ್ದಲವೇ. ಇಷ್ಟು ದಿನ ಅವಳ ಮಾತಿಗೆ ಹೂಂಗುಟ್ಟುತ್ತಿದ್ದವರೇ ಎದ್ದು ಬೈದರು. ಅಣ್ಣನ ಮಗ ಟವೆಲ್ಲು ಕೊಡವಿಕೊಂಡು ಏರಿ ಇಳಿದು ಹೋದ. ಅವಳು ಒಬ್ಬರಿಗೂ ಎದುರಾಡದೆ, ಬಿದ್ದ ಮಾತನ್ನೆಲ್ಲ ನಿಂತುಕೊಂಡೇ ಕೇಳಿಸಿಕೊಂಡಳು. ರೇಣುಕಾಳ ಕಡೆ ನೋಡಿದೆ. ದೊಡ್ಡಪ್ಪ ಗೆದ್ದನೆಂಬ ಸಂತೋಷ ಅವಳ ಮುಖದಲ್ಲಿ ಕಾಣಲಿಲ್ಲ. ಅವಳು ಹುಲಿಗೆವ್ವನನ್ನು ನೋಡುತ್ತಿದ್ದಳು, ನಾನು ನನ್ನ ಒಳ್ಳೆಯ ವಿದ್ಯಾರ್ಥಿಗಳನ್ನು ನೋಡುವ ಹಾಗೆ.

ಬಿಸಿಲು ಏರುವ ಹೊತ್ತಿಗೆ ತೀರ್ಮಾನವಾಯಿತು. ಹೊಂಡ ಮುಚ್ಚಬೇಕಾಗಿಲ್ಲ. ಆದರೆ ನಿಂಗಪ್ಪ ಒಡ್ಡು ಎತ್ತರಿಸಿ, ಕೋಡಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಬೇಕು. ಹುಲಿಗೆವ್ವ ಆ ವರ್ಷದ ಮುಂದಾಳುತನ ಬಿಡಬೇಕು. ಚಳಿಗಾಲ ಮುಗಿಯುವುದರೊಳಗೆ ಎಲ್ಲರೂ ಸೇರಿ ಕೆರೆಯಲ್ಲಿ ದೊಡ್ಡ ಬಲೆ ಎಳೆದು, ಆದಷ್ಟು ಜಿಲೇಬಿ ತೆಗೆದು, ಕಾಟ್ಲಾ ರೋಹು ಮರಿಗೆ ಜಾಗ ಮಾಡಬೇಕು. ಜಿಲೇಬಿ ಪೂರ್ತಿ ಹೋಗುವುದಿಲ್ಲ ಎಂದು ರೇಣುಕಾ ಮೊದಲೇ ಹೇಳಿದಳು. ಕಮ್ಮಿಯಾದರೂ ಆಗಲಿ ಅಂದರು.

ಬಲೆ ಎಳೆದದ್ದು ಮುಂದಿನ ತಿಂಗಳ ಎರಡನೆಯ ಶನಿವಾರ, ಶಾಲೆಗೆ ರಜೆ. ಮೀನು ಬೇರೆ ಮಾಡಲು ನನ್ನನ್ನೂ ಕರೆದಿದ್ದರು. ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ನೀರಂಚಿನಲ್ಲಿ ಕೂತೆ. ಏರಿಯ ಮೇಲೆ ಅರ್ಧ ಊರೇ ನಿಂತಿತ್ತು. ಬಲೆಯ ಹಗ್ಗಕ್ಕೆ ಎರಡೂ ಕಡೆ ಜನ ಹತ್ತಿದರು. ಹುಲಿಗೆವ್ವ ಮುಂದೆ ಬರಲಿಲ್ಲ. ಸಾಲಿನ ಕಟ್ಟಕಡೆಗೆ, ಹೊಸದಾಗಿ ಬಂದವರು ನಿಲ್ಲುವ ಜಾಗದಲ್ಲಿ ನಿಂತು ಹಗ್ಗ ಹಿಡಿದಳು. ಸ್ವಲ್ಪ ಹೊತ್ತಿಗೆ ನಿಂಗಪ್ಪ ಬಂದ. ಕಂಬಳಿಯನ್ನು ಏರಿಯ ಮೇಲಿಟ್ಟು, ಜಾಗ ಹುಡುಕಿ, ಕೊನೆಗೆ ಅವಳ ಹಿಂದೆಯೇ ನಿಂತ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನಿಂಗಪ್ಪ ಕುರಿಯ ಹಗ್ಗ ಹಿಡಿದು ರೂಢಿಯಿದ್ದವನು, ಬಲೆಯ ಹಗ್ಗವನ್ನೂ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡ.

"ನಿಂಗಣ್ಣ, ಕೈಗೆ ಸುತ್ತಿಕೋಬ್ಯಾಡ," ಅಂದಳು ಹುಲಿಗೆವ್ವ, ತಿರುಗಿ ನೋಡದೆ. "ಬಲಿ ಜಗ್ಗಿದ್ರ ಬೆರಳು ಹೋಗ್ತಾವ."

"ಹೆಂಗ ಹಿಡೀಲಿ ಮತ್ತ?"

ಆಗ ತಿರುಗಿದಳು. "ಹಿಂಗ. ಹೆಬ್ಬಟ್ಟು ಮ್ಯಾಲಿರಬೇಕು. ನಾ ಹೂಂ ಅಂದಾಗ ಜಗ್ಗು."

ಅವಳು ಹೂಂ ಅಂದಳು. ಅವನು ಜಗ್ಗಿದ. ಅವಳ ಹೂಂಕಾರಕ್ಕೆ ಕ್ರಮೇಣ ಇಡೀ ಸಾಲೇ ಹೆಜ್ಜೆ ಹಾಕತೊಡಗಿತು. ಮುಂದಾಳುತನ ಕಿತ್ತುಕೊಂಡವರಿಗೂ ಅದು ಗೊತ್ತಾಗಲಿಲ್ಲ, ಇಲ್ಲವೇ ಗೊತ್ತಾಗಿಯೂ ಸುಮ್ಮನಿದ್ದರು. ಸಂಜೆಯವರೆಗೆ ಬಾಲ ಬಿಡಿಸಿ ಬಿಡಿಸಿ 'ಕರಿ', 'ಗೆರಿ', 'ಅರ್ಧ' ಎಂದು ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಕಾಟ್ಲಾ, ರೋಹು ಸಿಕ್ಕಾಗಲೆಲ್ಲ ಅವನ್ನು ಕೆರೆಗೆ ವಾಪಸು ಬಿಟ್ಟು ಹೆಂಗಸರು ಹೋ ಅನ್ನುತ್ತಿದ್ದರು. ಮರಳುವಾಗ ನಿಂಗಪ್ಪ ಉಳ್ಳಾಗಡ್ಡಿ ಕೊಟ್ಟ. ಈ ಸಲ ಬೇಡ ಅನ್ನಲಿಲ್ಲ.

ಬೇಸಿಗೆಗೆ ನನಗೆ ಹೂವಿನಹಡಗಲಿಗೆ ವರ್ಗವಾಯಿತು. ಬಾಡಿಗೆ ಮನೆಯ ಎದುರಿಗೇ ಮಲ್ಲಿಗೆ ತೋಟ, ಬೆಳಕು ಹರಿಯುವ ಮುಂಚೆ ಹೂ ಬಿಡಿಸುವವರ ಮಾತು ಕೇಳುತ್ತಿತ್ತು. ಅಂಥ ಒಂದು ಬೆಳಿಗ್ಗೆ ರೇಣುಕಾಳ ಫೋನು ಬಂತು.

"ಅಕ್ಕೋರ, ಪರೀಕ್ಷಿದು ಬಂತ್ರಿ. ಮಿಶ್ರ ತಳಿ ಹೌದು."

"ಎಲ್ಲಾನೂ?"

"ಎಲ್ಲಾ ಅಲ್ರಿ. ಎರಡು ತಪ್ಪಾಗ್ಯಾವ. ನಾ ಮಿಶ್ರ ಅಂದಿದ್ವು, ಬರೇ ಕರಿ ಜಿಲೇಬಿ ಅಂತ ಬಂದೈತಿ." ಅವಳ ದನಿಯಲ್ಲಿ ಬೇಸರವಿರಲಿಲ್ಲ, ಬದಲಿಗೆ ಹುರುಪಿತ್ತು.

"ನಾನೇನಾದ್ರೂ ತಪ್ಪು ಬರ್ದಿದ್ನಾ?"

"ಇಲ್ರಿ. ಹಾಳಿ ತಗದು ನೋಡಿದ್ನಿ. ಆ ಎರಡರ ಬಾಲದಾಗ ನೀವು ಬರೇ ಚುಕ್ಕಿ ಇಟ್ಟೀರಿ, ಗೆರಿ ಹಾಕಿಲ್ಲ. ಚುಕ್ಕಿನ ಗೆರಿ ಅಂತ ಓದಿದಾಕಿ ನಾನು."

"ಹುಲಿಗೆವ್ವಗೆ ಹೇಳಿದ್ಯಾ?"

"ಮೊದಲು ಆಕಿಗೇ ಹೇಳಿದ್ನಿ. ಈ ವರ್ಷ ಮತ್ತ ಆಕಿನ್ನೇ ಮುಂದ ನಿಂದ್ರಿಸ್ಯಾರ. ಎರಡು ಮೀನ ನಿನ್ನ ಕೊಡದ್ದಲ್ಲವ್ವ, ಲೆಕ್ಕದಾಗ ತಪ್ಪಿತ್ತು ಅಂದ್ನಿ."

"ಏನಂದ್ಲು?"

"'ಎರಡು ಹ್ವಾದ್ರ ಹೋಗ್ಲಿ, ಉಳಿದವೆಲ್ಲಾ ನನ್ನವ ಅಂತ ಬರಕೋ' ಅಂದ್ಲು."